ಕ್ರೂಸ್ ಕಂಟ್ರೋಲ್ ವೇಗ ಹಿಡಿಯುತ್ತಿಲ್ಲವೇ? ಬಿಡಿಭಾಗ ಬದಲಾಯಿಸುವ ಮೊದಲು ಹೀಗೆ ನೋಡಿ

ಕ್ರೂಸ್ ಕಂಟ್ರೋಲ್ ಅಂದರೆ ಆಕ್ಸಿಲರೇಟರ್ ಒತ್ತದೆಯೇ ನೀವು ಸೆಟ್ ಮಾಡಿದ ವೇಗದಲ್ಲಿ ಕಾರನ್ನು ಓಡಿಸುವ ವ್ಯವಸ್ಥೆ. ಅದು ಕೈಕೊಟ್ಟಾಗ ತುಂಬಾ ಜನ ಯಾರೋ ಹೇಳಿದ ಬಿಡಿಭಾಗವನ್ನು ಬದಲಾಯಿಸಿ ನೋಡುತ್ತಾರೆ. ಮೊದಲು ಸ್ಪೀಡ್ ಸೆನ್ಸರ್, ಆಮೇಲೆ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಇರುವ ಭಾಗ), ಕೊನೆಗೆ ಸ್ಟೇರಿಂಗ್ ಮೇಲಿನ ಬಟನ್‌ಗಳು. ದುಡ್ಡು ಖರ್ಚಾಗುತ್ತದೆ, ತೊಂದರೆ ಹಾಗೇ ಇರುತ್ತದೆ. ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ವೇಗ ತಪ್ಪಿದ ಹೊತ್ತಿಗೆ ಕ್ರೂಸ್ ತಾನಾಗಿ ಬಿಟ್ಟುಕೊಟ್ಟಿತೋ, ಇಲ್ಲಾ ಇನ್ನೂ ಹಿಡಿದುಕೊಂಡೇ ಇತ್ತು, ಆದರೆ ಅದರ ಕೈಲಿ ಆಗಲಿಲ್ಲವೋ? ಇದಕ್ಕೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಈ ಲೇಖನ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಒಳಗೆ ಏನು ನಡೆಯುತ್ತದೆ

ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಕ್ರೂಸ್ ಕಂಟ್ರೋಲಿಗೆ 1950ರಲ್ಲಿ ಪೇಟೆಂಟ್ ಪಡೆದರು. ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ವಕೀಲರು ಮಾತಾಡುವಾಗ ವೇಗ ಇಳಿಸಿ, ಕೇಳಿಸಿಕೊಳ್ಳುವಾಗ ವೇಗ ಏರಿಸುತ್ತಿದ್ದರಂತೆ. ರಸ್ತೆ ನೋಡಲಾಗದ ಪ್ರಯಾಣಿಕನಿಗೆ ಆ ಜಗ್ಗಾಟ ಇನ್ನೂ ಜಾಸ್ತಿ ಗೊತ್ತಾಗುತ್ತದೆ ಅಲ್ವಾ? ಆ ಕಿರಿಕಿರಿಯಿಂದಲೇ ಈ ಯೋಚನೆ ಹುಟ್ಟಿತು ಅಂತ ಹೇಳುತ್ತಾರೆ. 1958ರ ಕ್ರೈಸ್ಲರ್ ಕಾರುಗಳಲ್ಲಿ ಇದು ಮೊದಲ ಬಾರಿಗೆ ಮಾರಾಟಕ್ಕೆ ಬಂತು.

ಇವತ್ತಿಗೂ ಕೆಲಸ ಅದೇ. ಕಾರಿನ ವೇಗ ಎಷ್ಟಿದೆ ಅಂತ ಸೆನ್ಸರ್ ಹೇಳುತ್ತದೆ. ನೀವು ಸೆಟ್ ಮಾಡಿದ ವೇಗದ ಜೊತೆ ಕಂಪ್ಯೂಟರ್ ಅದನ್ನು ಹೋಲಿಸುತ್ತದೆ. ಕಡಿಮೆ ಇದ್ದರೆ ಥ್ರಾಟಲ್ ತೆರೆಯುತ್ತದೆ, ಜಾಸ್ತಿ ಇದ್ದರೆ ಮುಚ್ಚುತ್ತದೆ. ಡೀಸೆಲ್ ಕಾರಾದರೆ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುತ್ತಲೇ ಇರುತ್ತದೆ. ಜೊತೆಗೆ ಬ್ರೇಕ್, ಕ್ಲಚ್, ಬಟನ್‌ಗಳ ಕಡೆಯಿಂದ ‘ಬಿಡು’ ಅನ್ನುವ ಸೂಚನೆ ಬರುತ್ತಿದೆಯೇ ಅಂತಲೂ ಕಂಪ್ಯೂಟರ್ ಗಮನಿಸುತ್ತಿರುತ್ತದೆ. ಸ್ವಲ್ಪ ಅನುಮಾನ ಬಂದರೂ ಕ್ರೂಸ್ ಬಿಟ್ಟುಬಿಡುತ್ತದೆ. ಇದು ಬೇಕಂತಲೇ ಮಾಡಿರುವ ಏರ್ಪಾಡು, ನಮ್ಮ ಸುರಕ್ಷತೆಗಾಗಿ.

ಥ್ರಾಟಲ್ ತೆರೆಯುವ ವಿಧಾನ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಹಳೆಯ ಕಾರುಗಳಲ್ಲಿ ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಒಂದು ರಬ್ಬರ್ ಡಯಾಫ್ರಮ್, ಅಂದರೆ ತೆಳುವಾದ ಪೊರೆ, ಎಳೆಯುತ್ತದೆ, ಅದು ಕೇಬಲ್ ಎಳೆಯುತ್ತದೆ. ಆಮೇಲೆ ಬಂದವುಗಳಲ್ಲಿ ಸಣ್ಣ ಮೋಟಾರು ಕೇಬಲ್ ಎಳೆಯುತ್ತದೆ. ಈಗಿನ ಕಾರುಗಳಲ್ಲಿ ಕೇಬಲ್ಲೇ ಇಲ್ಲ, ಥ್ರಾಟಲ್ ಬಾಡಿಯಲ್ಲೇ ಮೋಟಾರು ಇರುತ್ತದೆ. ನಿಮ್ಮ ಕಾರು ಇದರಲ್ಲಿ ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಬಾನೆಟ್ ಎತ್ತಿ, ಥ್ರಾಟಲ್‌ಗೆ ಕೇಬಲ್ ಬರುತ್ತಿದೆಯೇ ನೋಡಿದರೆ ಸಾಕು.

ಹೆಜ್ಜೆ 1: ಇದು ನಿಜವಾಗಿಯೂ ದೋಷವೇ?

ಇಳಿಜಾರಿನಲ್ಲಿ ವೇಗ ಏರಿದರೆ ಗಾಬರಿ ಬೇಡ. ಸಾಮಾನ್ಯ ಕ್ರೂಸ್ ಕಂಟ್ರೋಲ್ ಥ್ರಾಟಲ್ ಮುಚ್ಚಬಲ್ಲದು, ಅಷ್ಟೇ. ತುಂಬಾ ಕಾರುಗಳಲ್ಲಿ ಅದಕ್ಕೆ ಬ್ರೇಕ್ ಹಾಕುವ ಅಧಿಕಾರವಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬನ್ನಿ, ಇಲ್ಲವೇ ಕ್ರೂಸ್ ಬಿಡಿಸಿ ನೀವೇ ಓಡಿಸಿ. ಏರಿನಲ್ಲಿ ವೇಗ ಗಂಟೆಗೆ ಎರಡು ಮೂರು ಕಿಲೋಮೀಟರ್ ಇಳಿದು, ಗೇರ್ ಬದಲಾಗಿ, ಮತ್ತೆ ಹಿಡಿದುಕೊಳ್ಳುವುದೂ ಸಹಜವೇ. ಇಕೋ ಮೋಡ್ ಆನ್ ಇದ್ದರೆ ಈ ಏರಿಳಿತ ಇನ್ನೂ ಜಾಸ್ತಿ ಆಗಬಹುದು. ಇಂಧನ ಉಳಿಸಲು ಕೆಲವು ಕಾರುಗಳು ಆಗ ಬೇಕಂತಲೇ ಸಡಿಲ ಬಿಡುತ್ತವೆ. ಒಮ್ಮೆ ಇಕೋ ಮೋಡ್ ಆಫ್ ಮಾಡಿ ನೋಡಿ.

ಇನ್ನೊಂದು ಗೊಂದಲ ಫೋನಿನ ಜಿಪಿಎಸ್‌ನಿಂದ ಬರುತ್ತದೆ. ಸೆಟ್ ಮಾಡಿದ್ದು 100, ಜಿಪಿಎಸ್ ತೋರಿಸುವುದು 95. ಇದು ಕ್ರೂಸ್‌ನ ತಪ್ಪಲ್ಲ. ತುಂಬಾ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಬಹುದು, ಶೇ 10ರ ಮೇಲೆ ಇನ್ನೊಂದು 4 ಕಿಲೋಮೀಟರಿನವರೆಗೂ. ಜಿಪಿಎಸ್ 95ರಲ್ಲೇ ಅಲುಗಾಡದೆ ನಿಂತಿದ್ದರೆ ನಿಮ್ಮ ಕ್ರೂಸ್ ಚೆನ್ನಾಗಿದೆ. ನಾವು ನೋಡಬೇಕಾದ್ದು ವೇಗ ಒಂದೇ ಸಮ ಇದೆಯೇ ಅನ್ನುವುದನ್ನು.

ಹೆಜ್ಜೆ 2: ಇಬ್ಬರು ಕೂತು ಒಂದು ಸುತ್ತು ಹೋಗಿ ಬನ್ನಿ

ಒಣಗಿದ, ಸಮತಟ್ಟಾದ, ವಾಹನ ಕಡಿಮೆ ಇರುವ ರಸ್ತೆ ಆರಿಸಿ. ಪಕ್ಕದಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡ್ ನೋಡುವುದು, ಬರೆದುಕೊಳ್ಳುವುದು, ಬೇಕಾದರೆ ವಿಡಿಯೋ ಮಾಡುವುದು ಅವರ ಕೆಲಸ. ಓಡಿಸುವವರ ಕಣ್ಣು ರಸ್ತೆ ಮೇಲೇ ಇರಬೇಕು. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ರಸ್ತೆಯ ವೇಗಮಿತಿಯೊಳಗೆ, ಗಂಟೆಗೆ 70 ಅಥವಾ 80 ಕಿಲೋಮೀಟರಿಗೆ ಸೆಟ್ ಮಾಡಿ. ಪಕ್ಕದಲ್ಲಿದ್ದವರು ಮುಖ್ಯವಾಗಿ ಕ್ರೂಸ್ ದೀಪವನ್ನು ನೋಡಲಿ. ತುಂಬಾ ಕಾರುಗಳಲ್ಲಿ ಎರಡು ಸ್ಥಿತಿ ಇರುತ್ತದೆ. ಕ್ರೂಸ್ ಆನ್ ಆಗಿರುವುದು ಬೇರೆ, ವೇಗ ಸೆಟ್ ಆಗಿರುವುದು ಬೇರೆ. ವೇಗ ಇಳಿಯುವಾಗ ‘ಸೆಟ್’ ದೀಪ ಆರಿತೇ, ಅಥವಾ ಬಣ್ಣ ಬದಲಾಯಿತೇ? ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) ಏನು ಮಾಡಿತು? ಹಳ್ಳ ಹಾರಿದಾಗ ಆಯಿತೇ, ತಿರುವಿನಲ್ಲೇ, ಏರಿನಲ್ಲೇ?

ದೀಪ ಆರಿದರೆ ಕ್ರೂಸ್ ಬಿಟ್ಟುಕೊಟ್ಟಿದೆ ಅಂತ ಅರ್ಥ. ಹಾಗಿದ್ದರೆ ಯಾವ ಸ್ವಿಚ್ಚು ‘ಬಿಡು’ ಅಂದಿತು ಅಂತ ಹುಡುಕಬೇಕು. ದೀಪ ಉರಿಯುತ್ತಲೇ ಇದ್ದು ವೇಗ ತೂಗಾಡಿದರೆ ಅಥವಾ ಕುಸಿದರೆ, ತೊಂದರೆ ಇರುವುದು ವೇಗ ಅಳೆಯುವ ಕಡೆ, ಥ್ರಾಟಲ್ ಎಳೆಯುವ ಕಡೆ, ಇಲ್ಲವೇ ಎಂಜಿನ್ನಿನಲ್ಲೇ.

ದೀಪ ಆರಿ, ತಾನಾಗಿ ಬಿಟ್ಟುಹೋಗುತ್ತಿದ್ದರೆ

ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಬ್ರೇಕ್ ಲೈಟ್ ಸ್ವಿಚ್ಚನ್ನು. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅದು ಕೂತಿರುತ್ತದೆ. ಅದರ ಒಳಗೆ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ಬ್ರೇಕ್ ಲೈಟ್ ಹೊತ್ತಿಸುತ್ತದೆ, ಇನ್ನೊಂದು ಬಿಟ್ಟುಕೊಂಡು ಕ್ರೂಸ್‌ಗೆ ‘ಸಾಕು’ ಅನ್ನುತ್ತದೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪ್ಯೂಟರ್ ಕ್ರೂಸ್ ಕೊಡುವುದಿಲ್ಲ. ಅದಕ್ಕೇ ಬ್ರೇಕ್ ಲೈಟ್ ಸರಿಯಾಗಿ ಉರಿದರೂ ಸ್ವಿಚ್ ಕೆಟ್ಟಿರಬಹುದು. ಹಿಂದಿನ ದೀಪ ಉರಿಯುತ್ತಿದೆ, ಆದ್ದರಿಂದ ಸ್ವಿಚ್ ಸರಿ ಇದೆ ಅಂತ ತೀರ್ಮಾನ ಮಾಡಿಬಿಡುವವರು ಜಾಸ್ತಿ. ಅಲ್ಲೇ ದಾರಿ ತಪ್ಪುವುದು.

ಪರೀಕ್ಷೆ ಸುಲಭ. ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಹಿಂದೆ ಒಬ್ಬರು ನಿಂತು ಬ್ರೇಕ್ ಲೈಟ್ ನೋಡಲಿ. ಪೆಡಲ್ ಮುಟ್ಟದೆಯೇ ದೀಪ ಉರಿಯುತ್ತಿದೆಯೇ? ಪೆಡಲಿನ ಪಕ್ಕಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮಿನುಗುತ್ತದೆಯೇ? ಕಾಲ್ಬೆರಳಿನಿಂದ ಪೆಡಲನ್ನು ಮೇಲಕ್ಕೆ ಎತ್ತಿ ಹಿಡಿದಾಗ ಆರುತ್ತದೆಯೇ? ಹೌದಾದರೆ ಸ್ವಿಚ್ ಸಡಿಲವಾಗಿದೆ, ಇಲ್ಲವೇ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ. ಹಳ್ಳ ಬಂದಾಗಲೆಲ್ಲ ಕ್ರೂಸ್ ಹೋಗುವುದಕ್ಕೆ ಇದೇ ಕಾರಣ ಆಗಿರುವುದು ತುಂಬಾ ಸಲ.

ಕೆಳಗೆ ಬಗ್ಗಿದ್ದೀರಲ್ಲ, ಟಾರ್ಚ್ ಹಿಡಿದು ಇನ್ನೊಂದು ವಸ್ತು ನೋಡಿ. ಸ್ವಿಚ್ಚಿನ ಮೂತಿ ಬಂದು ತಾಗುವ ಜಾಗದಲ್ಲಿ, ಪೆಡಲ್ ತೋಳಿನ ತೂತಿಗೆ ಸಿಕ್ಕಿಸಿದ ಒಂದು ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಅಂಗಿ ಗುಂಡಿಯಷ್ಟು ಚಿಕ್ಕದು. ವರ್ಷಗಳು ಕಳೆದಂತೆ ಬಿಸಿಲಿಗೆ, ಶಾಖಕ್ಕೆ ಅದು ಗಡುಸಾಗಿ ಪುಡಿಪುಡಿಯಾಗುತ್ತದೆ. ಆಗ ಸ್ವಿಚ್ಚಿನ ಮೂತಿ ಆ ತೂತಿನೊಳಕ್ಕೆ ತೂರಿಕೊಳ್ಳುತ್ತದೆ. ಪೆಡಲ್ ಒತ್ತದಿದ್ದರೂ ಒತ್ತಿದ ಹಾಗೇ ಕಂಪ್ಯೂಟರಿಗೆ ಕಾಣುತ್ತದೆ. ಬ್ರೇಕ್ ಲೈಟ್ ಸದಾ ಉರಿಯುತ್ತದೆ, ರಾತ್ರಿ ಬೆಳಗಾಗುವುದರಲ್ಲಿ ಬ್ಯಾಟರಿ ಇಳಿಯುತ್ತದೆ, ಕ್ರೂಸ್ ಸೆಟ್ಟೇ ಆಗುವುದಿಲ್ಲ. ಚಾಲಕನ ಕಾಲಡಿಯ ಮ್ಯಾಟಿನ ಮೇಲೆ ಗಟ್ಟಿಯಾದ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದರೆ ಗುಡಿಸಿ ಎಸೆಯಬೇಡಿ. ಎಲ್ಲಿಂದ ಬಿದ್ದವು ಅಂತ ಮೇಲೆ ನೋಡಿ. ಎರಡು ಪೆಡಲ್‌ಗಳಿಗೂ ಹೊಸ ಬಿರಡೆ ಹಾಕಿಸಿಬಿಡುವುದು ಒಳ್ಳೆಯದು. ಕ್ಲಚ್ ಪೆಡಲಿನದೂ ಅದೇ ವಯಸ್ಸಿನದು.

ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಕ್ಲಚ್ ಸ್ವಿಚ್ಚಿಗೂ ಇದೇ ಪರೀಕ್ಷೆ. ಗೇರ್ ಬದಲಾಯಿಸಿದ ಮೇಲೆ ಎಡಗಾಲನ್ನು ಕ್ಲಚ್ ಮೇಲೇ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ. ಅಷ್ಟು ಭಾರವೇ ಸ್ವಿಚ್ಚಿಗೆ ಸಾಕು.

ತಿರುವಿನಲ್ಲಿ ಮಾತ್ರ ಬಿಟ್ಟುಹೋಗುತ್ತದೆಯೇ? ಹಾಗಾದರೆ ಸ್ಟೇರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ನೆನಪಿಗೆ ಬರಬೇಕು. ಇದು ಸುರುಳಿ ಸುತ್ತಿದ ತೆಳುವಾದ ವೈರ್ ಪಟ್ಟಿ. ಸ್ಟೇರಿಂಗ್ ಎಷ್ಟು ತಿರುಗಿದರೂ ಬಟನ್, ಹಾರ್ನ್, ಏರ್‌ಬ್ಯಾಗ್‌ಗಳ ಸಂಪರ್ಕ ಕಡಿಯದಂತೆ ನೋಡಿಕೊಳ್ಳುತ್ತದೆ. ಹಾರ್ನ್ ಒಮ್ಮೊಮ್ಮೆ ಕೂಗದೇ ಇರುವುದು, ಏರ್‌ಬ್ಯಾಗ್ ದೀಪ ಹೊತ್ತುವುದು, ಕ್ರೂಸ್ ಕೈಕೊಡುವುದು ಮೂರೂ ಒಟ್ಟಿಗೆ ಬಂದರೆ ಇನ್ನೇನೂ ಹುಡುಕಬೇಕಿಲ್ಲ. ಆದರೆ ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಅದನ್ನು ಮುಟ್ಟಬೇಕಾದರೆ ಏರ್‌ಬ್ಯಾಗ್ ಕಳಚಬೇಕು, ಅದು ಸಿಡಿಯುವ ವಸ್ತು. ಗೊತ್ತಿರುವವರಿಗೇ ಕೊಡಿ.

ಕ್ರೂಸ್ ಹೋದಾಗಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಥವಾ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪವೂ ಮಿನುಗಿದರೆ ಚಕ್ರದ ಸೆನ್ಸರ್ ಕಡೆ ಹೋಗಿ. ಚಕ್ರ ಜಾರುತ್ತಿದೆ ಅಂತ ಅನ್ನಿಸಿದರೂ ಕಂಪ್ಯೂಟರ್ ಕ್ರೂಸ್ ಬಿಡಿಸುತ್ತದೆ.

ದೀಪ ಉರಿಯುತ್ತಲೇ ಇದ್ದು ವೇಗ ತೂಗಾಡುತ್ತಿದ್ದರೆ

ಇಲ್ಲಿ ನಾನು ಎಲ್ಲಕ್ಕಿಂತ ನಂಬುವ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಅದೇ ರಸ್ತೆ, ಅದೇ ವೇಗ. ಕ್ರೂಸ್ ಆಫ್ ಮಾಡಿ, ಆಕ್ಸಿಲರೇಟರ್ ಮೇಲೆ ಕಾಲನ್ನು ಅಲುಗಾಡಿಸದೆ ಒಂದೇ ಸಮ ಹಿಡಿಯಿರಿ. ಕಾರು ಆಗಲೂ ಎಳೆದು ಬಿಟ್ಟು ಮಾಡುತ್ತಿದ್ದರೆ ಕ್ರೂಸ್ ನಿರಪರಾಧಿ. ಎಂಜಿನ್ ಅಥವಾ ಗೇರ್‌ಬಾಕ್ಸ್ ನೋಡಬೇಕು. ಕಾಲಲ್ಲಿ ಹಿಡಿದಾಗ ನಯವಾಗಿ ಓಡಿ, ಕ್ರೂಸ್‌ನಲ್ಲಿ ಮಾತ್ರ ತೂಗಾಡಿದರೆ ವೇಗದ ಸೂಚನೆ ಅಥವಾ ಥ್ರಾಟಲ್ ಎಳೆಯುವ ವ್ಯವಸ್ಥೆಯಲ್ಲಿ ದೋಷವಿದೆ.

ಮೊದಲನೇ ಥರದ್ದಾದರೆ: ಏರ್ ಫಿಲ್ಟರ್, ಗಾಳಿ ಅಳೆಯುವ ಎಂಎಎಫ್ ಸೆನ್ಸರ್, ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್, ಸ್ಪಾರ್ಕ್ ಪ್ಲಗ್. ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್, ಗೇರುಗಳ ನಡುವೆ ಇರುವ ಟಾರ್ಕ್ ಕನ್ವರ್ಟರಿನ ಲಾಕ್ ಬಿದ್ದು ಎದ್ದು ಮಾಡುತ್ತಿರಬಹುದು. ವೇಗ ಹೆಚ್ಚು ಬದಲಾಗದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಕೆಳಗೆ ಆಡುವುದು ಅದರ ಗುರುತು.

ಎರಡನೇ ಥರದ್ದಾದರೆ ಥ್ರಾಟಲ್ ಬಾಡಿಯಿಂದ ಶುರು ಮಾಡಿ. ಗಾಳಿಯ ಪೈಪ್ ಬಿಚ್ಚಿದರೆ ಒಳಗೆ ಒಂದು ದುಂಡನೆಯ ತಗಡು ಕಾಣುತ್ತದೆ. ಅದರ ಅಂಚಿನಲ್ಲಿ ಕಪ್ಪು ಜಿಡ್ಡು ಕಟ್ಟಿಕೊಂಡಿದ್ದರೆ ತಗಡು ಮೊದಲು ಅಂಟಿಕೊಂಡು, ಆಮೇಲೆ ಒಮ್ಮೆಲೇ ಕಿತ್ತುಕೊಂಡು ತೆರೆಯುತ್ತದೆ. ಕ್ರೂಸ್ ಕೇಳಿದ್ದು ಸ್ವಲ್ಪ, ಸಿಕ್ಕಿದ್ದು ಜಾಸ್ತಿ. ಕೂಡಲೇ ಅದು ಮುಚ್ಚಲು ಹೋಗುತ್ತದೆ, ಮತ್ತೆ ಅದೇ ಕಥೆ. ಥ್ರಾಟಲ್ ಬಾಡಿಗೆಂದೇ ಇರುವ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಮೋಟಾರು ಇರುವ ಥ್ರಾಟಲ್ ಆದರೆ ಇಗ್ನಿಷನ್ ಆಫ್ ಇರಲಿ. ತಗಡನ್ನು ಬೆರಳಿನಿಂದ ಬಲವಾಗಿ ನೂಕಬೇಡಿ, ಒಳಗಿನ ಗೇರು ಮುರಿಯಬಹುದು. ತೊಳೆದ ಮೇಲೆ ಕೆಲವು ಕಾರುಗಳಲ್ಲಿ ಐಡಲ್ (ಕಾರು ನಿಂತಾಗ ಎಂಜಿನ್ ತಿರುಗುವ ವೇಗ) ಏರುಪೇರಾಗುತ್ತದೆ. ಕಾರಿನ ಕೈಪಿಡಿಯಲ್ಲಿರುವಂತೆ ಅಥವಾ ಸ್ಕ್ಯಾನರ್ (ಕಾರಿನ ಕಂಪ್ಯೂಟರನ್ನು ಓದುವ ಉಪಕರಣ) ಬಳಸಿ ರೀಲರ್ನ್, ಅಂದರೆ ಕಂಪ್ಯೂಟರಿಗೆ ಥ್ರಾಟಲಿನ ಸ್ಥಿತಿಯನ್ನು ಮತ್ತೆ ಕಲಿಸುವುದು, ಮಾಡಿಸಬೇಕು.

ಕೇಬಲ್ ಇರುವ ಕಾರಾದರೆ ಸಡಿಲ ಎಷ್ಟಿದೆ ನೋಡಿ. ಕೇಬಲ್ ಜೋತಾಡುತ್ತಿದ್ದರೆ ಆ ಸಡಿಲ ಮುಗಿಯುವವರೆಗೆ ಕಾರು ಸ್ಪಂದಿಸುವುದಿಲ್ಲ, ಆಮೇಲೆ ಜಗ್ಗುತ್ತದೆ. ಪೂರ್ತಿ ಬಿಗಿ ಮಾಡಲೂಬಾರದು, ಥ್ರಾಟಲ್ ಪೂರ್ತಿ ಮುಚ್ಚದೇ ಹೋಗಬಹುದು. ಬೆರಳಲ್ಲಿ ಹಿಡಿದರೆ ಚೂರೇ ಚೂರು ಆಡಬೇಕು, ಅಷ್ಟೇ. ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ.

ಇನ್ನು ವೇಗದ ಸೂಚನೆ. ತಂತಿಯಿಂದ ತಿರುಗುವ ಹಳೆಯ ಸ್ಪೀಡೋಮೀಟರಿನಲ್ಲಿ ಮುಳ್ಳು ನಡುಗುತ್ತಿದ್ದರೆ, ಎಷ್ಟೋ ಕಾರುಗಳಲ್ಲಿ ಕ್ರೂಸ್‌ಗೂ ಅದೇ ನಡುಗುವ ಸೂಚನೆ ಹೋಗುತ್ತಿರುತ್ತದೆ. ಆ ಸ್ಪೀಡೋಮೀಟರ್ ಕೇಬಲ್ ಬದಲಾಯಿಸಿದರೆ ಎರಡೂ ಸರಿಹೋಗುತ್ತವೆ. ಈಗಿನ ಕಾರಿನಲ್ಲಿ ಸ್ಕ್ಯಾನರ್ ಹಾಕಿ, ನಾಲ್ಕೂ ಚಕ್ರಗಳ ವೇಗವನ್ನು ಅಕ್ಕಪಕ್ಕ ತೆರೆದಿಡಿ. ನೇರ ರಸ್ತೆಯಲ್ಲಿ ಮೂರು ಚಕ್ರ 60 ಅಂತ ಹೇಳುವಾಗ ನಾಲ್ಕನೆಯದು 60, 52, 60 ಅಂತ ಕುಣಿಯುತ್ತಿದ್ದರೆ ಕಳ್ಳ ಸಿಕ್ಕಿದ. ಸೆನ್ಸರ್ ಬದಲಾಯಿಸುವ ಮೊದಲು ಅದು ಓದುವ ಹಲ್ಲಿನ ಬಳೆಯನ್ನು ನೋಡಿ. ತುಕ್ಕು, ಬಿರುಕು, ಕಬ್ಬಿಣದ ಪುಡಿ ಇವೆಲ್ಲ ಅಲ್ಲೇ ಸೇರುವುದು. ಸುಮ್ನೆ ಒರೆಸಿದರೆ ಸರಿಹೋಗುವುದೂ ಉಂಟು.

ದೀಪ ಇದೆ, ವೇಗ ನಿಧಾನವಾಗಿ ಕುಸಿಯುತ್ತದೆ

ವ್ಯಾಕ್ಯೂಮ್ ಬಗೆಯ ಕಾರಿನಲ್ಲಿ ಏರು ಬಂದಾಗ ಮಾತ್ರ ಹೀಗಾಗುತ್ತದೆಯೇ? ಇದಕ್ಕೆ ಒಂದು ಚೆಂದದ ಕಾರಣವಿದೆ. ಏರಿನಲ್ಲಿ ಥ್ರಾಟಲ್ ಜಾಸ್ತಿ ತೆರೆದಷ್ಟೂ ಎಂಜಿನ್ನಿನ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಅಂದರೆ ಶಕ್ತಿ ಬೇಕಾದ ಹೊತ್ತಿನಲ್ಲೇ ಅದು ಇಲ್ಲ. ಅದಕ್ಕಾಗಿ ಎಷ್ಟೋ ಕಾರುಗಳಲ್ಲಿ ವ್ಯಾಕ್ಯೂಮ್ ಕೂಡಿಡುವ ಒಂದು ಡಬ್ಬಿ, ಅದು ವಾಪಸ್ ಹೋಗದಂತೆ ತಡೆಯುವ ಒಂದು ವಾಲ್ವ್ ಇರುತ್ತದೆ. ಆ ವಾಲ್ವ್ ಸೋರಿದರೆ ಸಮತಟ್ಟಿನಲ್ಲಿ ಎಲ್ಲ ಸರಿ, ಏರಿನಲ್ಲಿ ಉಸಿರು ಕಟ್ಟುತ್ತದೆ. ವಾಲ್ವ್ ಬಿಚ್ಚಿ ಎರಡೂ ಕಡೆಯಿಂದ ಗಾಳಿ ಹಾಯಿಸಿ ನೋಡಿ, ಒಂದೇ ಕಡೆ ಹೋಗಬೇಕು. ಹೋಸ್‌ಗಳನ್ನು ಬಗ್ಗಿಸಿ ನೋಡಿ, ನೇರ ಇದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಬ್ರೇಕ್ ಪೆಡಲಿನ ಹತ್ತಿರ ವ್ಯಾಕ್ಯೂಮ್ ಹೊರಬಿಡುವ ವಾಲ್ವ್ ಒಂದಿದ್ದರೆ ಅದೂ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು.

ಹೊಸ ಕಾರಿನಲ್ಲಿ ವೇಗ ಕುಸಿಯುವುದಕ್ಕೆ ಹೆಚ್ಚಾಗಿ ಎಂಜಿನ್ನಿನ ಶಕ್ತಿಯೇ ಕಾರಣ. ಕಟ್ಟಿಕೊಂಡ ಇಂಧನ ಫಿಲ್ಟರ್, ಸೋರುವ ಟರ್ಬೊ ಪೈಪ್, ಹಿಡಿದುಕೊಂಡ ಬ್ರೇಕ್. ಸ್ವಲ್ಪ ದೂರ ಓಡಿಸಿ ನಿಂತ ಮೇಲೆ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಸೂಸುತ್ತಿದ್ದರೆ ಅಲ್ಲಿ ಬ್ರೇಕ್ ಅಂಟಿದೆ. ಕೈ ಹತ್ತಿರ ಹಿಡಿದರೆ ಗೊತ್ತಾಗುತ್ತದೆ, ಮುಟ್ಟಬೇಡಿ.

ಸೆಟ್ಟೇ ಆಗದಿದ್ದರೆ

ವೇಗ ಸಾಕಷ್ಟಿದೆಯೇ? ತುಂಬಾ ಕಾರುಗಳಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರಿಗಿಂತ ಕೆಳಗೆ ಸೆಟ್ ಆಗುವುದಿಲ್ಲ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಹಲವು ಕಾರುಗಳು ಕ್ರೂಸ್ ಕೊಡುವುದೇ ಇಲ್ಲ, ಮೊದಲು ಆ ದೀಪದ ಕಾರಣ ನೋಡಿ. ಫ್ಯೂಸ್ ನೋಡಿ. ಬ್ರೇಕ್ ಲೈಟಿನ ಬಲ್ಬ್ ನೋಡಿ. ಕೆಲವು ಹಳೆಯ ಕಾರುಗಳಲ್ಲಿ ಕ್ರೂಸ್ ಮಾಡ್ಯೂಲ್ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ತನಗೆ ಬೇಕಾದ ಅರ್ತ್ ಪಡೆಯುತ್ತದೆ. ಬಲ್ಬ್‌ಗಳನ್ನು ತೆಗೆದು ಎಲ್‌ಇಡಿ ಹಾಕಿದ ಮೇಲೆ ಕ್ರೂಸ್ ನಿಂತುಹೋಗಿದ್ದರೆ ಹಳೆಯ ಬಲ್ಬ್ ವಾಪಸ್ ಹಾಕಿ ನೋಡಿ.

ಮುಂದಿನ ವಾಹನ ನೋಡಿ ಓಡುವ ಕ್ರೂಸ್ ಆದರೆ

ಅಡಾಪ್ಟಿವ್ ಕ್ರೂಸ್‌ನಲ್ಲಿ ವೇಗ ಇಳಿಯುವುದೇ ಅದರ ಕೆಲಸ. ಹಾಗಾಗಿ ಖಾಲಿ ರಸ್ತೆಯಲ್ಲೂ ಇಳಿಯುತ್ತದೆಯೇ ಅಂತ ಮೊದಲು ನೋಡಿ. ತಿರುವಿನಲ್ಲಿ ಪಕ್ಕದ ಲೇನಿನ ಲಾರಿಯನ್ನು ತನ್ನ ಮುಂದಿನದು ಅಂತ ತಿಳಿದು ನಿಧಾನಿಸುವುದು ಈ ವ್ಯವಸ್ಥೆಯ ಮಿತಿ. ರಾಡಾರ್ ಸಾಮಾನ್ಯವಾಗಿ ಮುಂದಿನ ಲೋಗೊ ಅಥವಾ ಬಂಪರಿನ ಹಿಂದೆ ಇರುತ್ತದೆ. ಕೆಸರು, ಹಿಮ, ಮೇಲೆ ಅಂಟಿಸಿದ ಸ್ಟಿಕ್ಕರ್ ಇವು ಅದರ ಕಣ್ಣು ಕಟ್ಟುತ್ತವೆ. ಬಂಪರ್ ರಿಪೇರಿ ಆದ ಮೇಲೆ, ಅಥವಾ ಕ್ಯಾಮೆರಾ ಇರುವ ಮುಂದಿನ ಗಾಜು ಬದಲಾಯಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕ್ಯಾಲಿಬ್ರೇಷನ್ (ರಾಡಾರ್, ಕ್ಯಾಮೆರಾಗಳನ್ನು ಸರಿಯಾದ ದಿಕ್ಕಿಗೆ ಹೊಂದಿಸುವುದು) ಮಾಡಿದ್ದಾರೆಯೇ ಅಂತ ಕೇಳಿ. ಇದನ್ನು ಅಂದಾಜಿನಲ್ಲಿ ಮಾಡಲಾಗದು.

ಸ್ಕ್ಯಾನರ್ ಹೇಳುವುದು

ಡ್ಯಾಶ್‌ಬೋರ್ಡಿನ ಅಡಿಯ ಒಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡ್ ಬರುತ್ತದೆ. ಪಿ0500 ಬಂದರೆ ವೇಗದ ಸೆನ್ಸರಿನ ಕಡೆ. ಪಿ0504 ಅಂದರೆ ಬ್ರೇಕ್ ಸ್ವಿಚ್ಚಿನ ಎರಡು ಸಂಪರ್ಕಗಳು ತಾಳೆಯಾಗುತ್ತಿಲ್ಲ. ಪಿ0571 ಕೂಡ ಬ್ರೇಕ್ ಸ್ವಿಚ್ಚಿನದೇ. ಪಿ2135 ಬಂದರೆ ಥ್ರಾಟಲ್ ಅಥವಾ ಪೆಡಲ್ ಸೆನ್ಸರುಗಳ ಲೆಕ್ಕ ಒಂದಕ್ಕೊಂದು ಹೊಂದುತ್ತಿಲ್ಲ. ಕೋಡ್ ಒಂದು ಸರ್ಕಿಟ್ಟಿನ ಹೆಸರು ಹೇಳುತ್ತದೆ, ಬಿಡಿಭಾಗದ ಹೆಸರನ್ನಲ್ಲ. ವೈರ್ ತುಂಡಾಗಿದ್ದರೂ ಅದೇ ಕೋಡ್ ಬರುತ್ತದೆ. ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಆಮೇಲೆ ಹೊಸದಕ್ಕೆ ದುಡ್ಡು ಕೊಡಿ.

ಕೋಡ್ ಇಲ್ಲದಿದ್ದರೆ ಲೈವ್ ಡೇಟಾ (ಸೆನ್ಸರುಗಳು ಆ ಕ್ಷಣ ಹೇಳುತ್ತಿರುವ ಲೆಕ್ಕ) ತೆರೆಯಿರಿ. ಕ್ರೂಸ್ ಕೊನೆಯ ಸಲ ಯಾಕೆ ಬಿಟ್ಟಿತು ಅನ್ನುವ ಕಾರಣವನ್ನೇ ಕೆಲವು ಕಾರುಗಳು ಅಲ್ಲಿ ಬರೆದಿಟ್ಟಿರುತ್ತವೆ. ಮೆಕ್ಯಾನಿಕ್ ಹತ್ತಿರ ಹೋದಾಗ ‘ಕ್ರೂಸ್ ಸರಿ ಇಲ್ಲ’ ಅಂತ ಹೇಳಿ ಬರಬೇಡಿ. ‘80ರಲ್ಲಿ ಸೆಟ್ ಮಾಡಿದ್ದೆ, ಹಳ್ಳ ಹಾರಿದಾಗ ಸೆಟ್ ದೀಪ ಆರಿತು, ಕಾಲಲ್ಲಿ ಓಡಿಸಿದರೆ ಸರಿ ಇದೆ’ ಅನ್ನಿ. ಅವರ ಅರ್ಧ ದಿನ, ನಿಮ್ಮ ಅಷ್ಟು ದುಡ್ಡು ಉಳಿಯುತ್ತದೆ.

ಬಿಡಬೇಕಾದಾಗ ಬಿಡದಿದ್ದರೆ

ಇದು ಅಪರೂಪ, ಆದರೆ ಎಲ್ಲಕ್ಕಿಂತ ಅಪಾಯ. ಬ್ರೇಕನ್ನು ಬಲವಾಗಿ, ಎತ್ತದೆ ಒತ್ತಿ. ಬಿಟ್ಟು ಬಿಟ್ಟು ಒತ್ತಬೇಡಿ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕಿನ ಬೂಸ್ಟರ್ ಖಾಲಿಯಾಗುತ್ತದೆ. ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ ಜೋರಾಗಿ ಕೂಗಬಹುದು, ಕೂಗಲಿ. ಪಕ್ಕಕ್ಕೆ ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಓಡುವಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಸ್ಟೇರಿಂಗ್ ಲಾಕ್ ಆಗಬಹುದು. ಆ ಕಾರನ್ನು ರಿಪೇರಿ ಆಗುವವರೆಗೆ ಓಡಿಸಬೇಡಿ.

ತಯಾರಕರು ವಾಪಸ್ ಕರೆದ ಕಾರುಗಳ ಪಟ್ಟಿಯಲ್ಲಿ ನಿಮ್ಮದು ಇದೆಯೇ ಅಂತ ಚಾಸಿಸ್ ನಂಬರ್ ಹಾಕಿ ನೋಡುವುದನ್ನು ಮರೆಯಬೇಡಿ. 1999ರಿಂದ 2009ರವರೆಗೆ ಫೋರ್ಡ್ ಕಂಪನಿ ಕ್ರೂಸ್ ಬಿಡಿಸುವ ಒಂದು ಸ್ವಿಚ್ಚಿನ ಕಾರಣಕ್ಕೇ ಹಂತಹಂತವಾಗಿ ಸುಮಾರು 1 ಕೋಟಿ 40 ಲಕ್ಷ ವಾಹನಗಳನ್ನು ವಾಪಸ್ ಕರೆಯಬೇಕಾಯಿತು. ಸ್ವಿಚ್ಚಿನೊಳಗೆ ಬ್ರೇಕ್ ಆಯಿಲ್ ಸೋರಿ, ಎಂಜಿನ್ ಆಫ್ ಇದ್ದಾಗಲೂ ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. ಇಂಥ ದೋಷವನ್ನು ನಿಮ್ಮ ಖರ್ಚಿನಲ್ಲಿ ನೀವು ಸರಿಪಡಿಸಬೇಕಿಲ್ಲ.

ರಿಪೇರಿ ಆದ ಮೇಲೆ

ಅದೇ ರಸ್ತೆಗೆ, ಅದೇ ವೇಗಕ್ಕೆ ಮತ್ತೆ ಹೋಗಿ. ಸೆಟ್ ಮಾಡಿದ ಮೇಲೆ ಬ್ರೇಕನ್ನು ಬರೀ ಸೋಕಿಸಿ, ಕೂಡಲೇ ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಒತ್ತಿ, ಆಗಲೂ ಬಿಡಬೇಕು. ಕ್ಯಾನ್ಸಲ್ ಬಟನ್ ನೋಡಿ. ರೆಸ್ಯೂಮ್ ಒತ್ತಿದರೆ ಹಳೆಯ ವೇಗಕ್ಕೆ ಜಗ್ಗದೆ ಏರಬೇಕು. ಬಿಡುವ ಮೂರರಲ್ಲಿ ಒಂದು ತಪ್ಪಿದರೂ, ವೇಗ ಎಷ್ಟೇ ಚೆನ್ನಾಗಿ ಹಿಡಿಯುತ್ತಿದ್ದರೂ, ಕಾರನ್ನು ಅಲ್ಲಿಂದಲೇ ವರ್ಕ್‌ಶಾಪಿಗೆ ವಾಪಸ್ ತೆಗೆದುಕೊಂಡು ಹೋಗಿ.